ಲೀಸ್ ತೆಗೆದುಕೊಂಡ ಕನ್ವರ್ಟಿಬಲ್‌ನ ಸೀಟು ಎರಡೇ ವರ್ಷಕ್ಕೆ ಸವೆದಿದೆ, ತಪ್ಪು ನನ್ನದಾ ಗಾಡಿಯದಾ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಮೂರು ವರ್ಷದ ಲೀಸ್ ಮೇಲೆ ಎರಡು ಸೀಟಿನ ಸ್ಪೋರ್ಟ್ಸ್ ಕನ್ವರ್ಟಿಬಲ್, ಅಂದರೆ ರೂಫ್ ತೆಗೆಯಬಹುದಾದ ಕಾರು ಓಡಿಸುತ್ತಿದ್ದೇನೆ. ಇಪ್ಪತ್ತೆರಡು ತಿಂಗಳಾಯಿತು, 24 ಸಾವಿರ ಕಿಲೋಮೀಟರ್ ಆಗಿದೆ. ಡ್ರೈವರ್ ಸೀಟಿನ ಬಲಗಡೆ ಅಂಚಿನಲ್ಲಿ ಲೆದರ್ ಸುಕ್ಕಾಗಿದೆ, ಬಣ್ಣವೂ ಮಾಸಿದೆ. ಕೆಲವು ಬಟನ್ ಮುಟ್ಟಿದರೆ ಅಂಟು ಅಂಟು. ರೂಫ್ ತೆಗೆದು ಓಡಿಸಿದರೆ ಡ್ಯಾಶ್‌ಬೋರ್ಡ್ ಕಡೆಯಿಂದ ಕಿರ್ ಕಿರ್ ಸದ್ದು. ಇಷ್ಟು ದುಬಾರಿ ಗಾಡಿ ಹೀಗಾಗುತ್ತದಾ? ವಾಪಸ್ ಕೊಡುವಾಗ ಇದಕ್ಕೆಲ್ಲ ದುಡ್ಡು ಕೇಳುತ್ತಾರಾ?

ಉತ್ತರ: ನಿಮ್ಮದು ಒಂದು ಪ್ರಶ್ನೆ ಅಲ್ಲ, ಮೂರು. ಸೀಟಿನ ಅಂಚು ಸವೆದದ್ದಕ್ಕೆ ಕಾರಣ ಗಾಡಿಯ ಆಕಾರ ಮತ್ತು ನೀವು ಅದರೊಳಗೆ ಹತ್ತಿ ಇಳಿಯುವ ರೀತಿ. ಬಟನ್ ಅಂಟಾದದ್ದು ಬಹುತೇಕ ಅದರ ಮೇಲಿನ ಲೇಪನದ ದೋಷ. ಸದ್ದು ಬರುವುದು ತಲೆ ಮೇಲೆ ಗಟ್ಟಿ ಛಾವಣಿ ಇಲ್ಲದ್ದಕ್ಕೆ. ಮೂರನ್ನೂ ಒಂದೇ ಗಂಟು ಕಟ್ಟಿ ಲೀಸ್ ಕಂಪನಿಯವರ ಮುಂದೆ ಇಟ್ಟರೆ ಮೂರೂ ನಿಮ್ಮ ತಲೆ ಮೇಲೇ ಬರುತ್ತವೆ. ಅದಕ್ಕೇ ಬಿಡಿಸಿ ನೋಡೋಣ.

ನಾನು ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದೇನೆ. ಮೈ, ಕೈ, ಬಟ್ಟೆ ತಾಗುವ ಜಾಗದಲ್ಲಿ ಹಾಳಾಗಿದ್ದರೆ ಮೊದಲು ಬಳಕೆಯ ಸವೆತ ಅಂತ ನೋಡಬೇಕು. ಯಾರೂ ಮುಟ್ಟದ ಜಾಗದಲ್ಲಿ ಹಾಳಾಗಿದ್ದರೆ ಬಿಸಿಲು ಇಲ್ಲವೇ ತಯಾರಿಕೆಯ ಕಡೆ ಬೆರಳು ತೋರಿಸಬೇಕು. ಡ್ಯಾಶ್‌ಬೋರ್ಡ್ ಮೇಲಿನ ಹೊಲಿಗೆ ಬಿಚ್ಚಿದರೆ ಅದು ನಿಮ್ಮ ಪ್ಯಾಂಟಿನಿಂದ ಆದದ್ದಲ್ಲ ಅಲ್ವಾ? ಇನ್ನೊಂದು ಪರೀಕ್ಷೆಯೂ ಇದೆ. ಪಕ್ಕದ ಸೀಟಿನ ಅದೇ ಜಾಗವನ್ನು ನೋಡಿ. ಅಲ್ಲಿ ಕೂರುವವರು ಕಡಿಮೆ. ಅಲ್ಲೂ ಲೆದರ್ ಸಿಪ್ಪೆ ಏಳುತ್ತಿದ್ದರೆ ಅದು ಸವೆತ ಅಲ್ಲ, ಲೆದರಿನದೇ ತಪ್ಪು.

ಈಗ ಸೀಟಿಗೆ ಬರುತ್ತೇನೆ. ಸಾಮಾನ್ಯ ಕಾರಿನಲ್ಲಿ ಛಾವಣಿಯೂ ಬಾಡಿಯ ಭಾರ ಹೊರುತ್ತದೆ. ಕನ್ವರ್ಟಿಬಲ್‌ನಲ್ಲಿ ಅದು ಇಲ್ಲ. ಹಾಗಾಗಿ ಬಾಗಿಲಿನ ಕೆಳಗಿನ ಹೊಸ್ತಿಲು, ಮುಂದಿನ ಗಾಜಿನ ಚೌಕಟ್ಟು ಇವನ್ನೆಲ್ಲ ದಪ್ಪ ಮಾಡಿ ಬಲ ಕೊಟ್ಟಿರುತ್ತಾರೆ. ಜೊತೆಗೆ ಸೀಟು ನೆಲಕ್ಕೆ ಹತ್ತಿರ, ಅದರ ಎರಡೂ ಬದಿ ಎತ್ತರವಾಗಿ ಉಬ್ಬಿರುತ್ತವೆ. ತಿರುವಿನಲ್ಲಿ ಮೈ ಜಾರಬಾರದು ಅಂತ ಆ ಉಬ್ಬು. ಆದರೆ ಒಳಗೆ ಹೋಗಬೇಕಾದರೆ ದಪ್ಪ ಹೊಸ್ತಿಲು ದಾಟಿ, ಆ ಉಬ್ಬಿನ ಮೇಲೆ ಉಜ್ಜಿಕೊಂಡೇ ಕೆಳಗೆ ಇಳಿಯಬೇಕು. ಏಳುವಾಗ ಅದರ ಮೇಲೇ ಕೈ ಊರಿ ಮೇಲೆ ಬರಬೇಕು. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದರೂ ಇಪ್ಪತ್ತೆರಡು ತಿಂಗಳಿಗೆ ಎರಡೂವರೆ ಸಾವಿರ ಸಲ ದಾಟುತ್ತದೆ. ಜೀನ್ಸ್ ಪ್ಯಾಂಟಿನ ಲೋಹದ ಗುಂಡಿ, ಬೆಲ್ಟ್, ಹಿಂದಿನ ಜೇಬಿನ ಮೊಬೈಲ್ ಎಲ್ಲ ಅಲ್ಲೇ ತೀಡುತ್ತವೆ.

ಇದಕ್ಕೆ ನಾನು ಕಂಡ ಅತ್ಯುತ್ತಮ ಉಪಾಯ ನಮ್ಮ ಅವ್ವ ಕಾರು ಹತ್ತುವ ರೀತಿ. ಸೀರೆ ಉಟ್ಟವರು ಒಂದು ಕಾಲು ಒಳಗಿಟ್ಟು ಜಾರುವುದಿಲ್ಲ. ಕಾರಿಗೆ ಬೆನ್ನು ಮಾಡಿ ನಿಂತು, ಮೊದಲು ಸೀಟಿನ ನಡುವೆ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆದುಕೊಳ್ಳುತ್ತಾರೆ. ಇಳಿಯುವಾಗ ಎರಡೂ ಕಾಲು ಮೊದಲು ಹೊರಗೆ. ಅಂಚಿಗೆ ಪೆಟ್ಟೇ ಬೀಳುವುದಿಲ್ಲ. ಇಳಿಯುವ ಮುಂಚೆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಇನ್ನೂ ಸಲೀಸು. ಇವತ್ತಿನಿಂದಲೇ ಹೀಗೆ ಮಾಡಿ. ಉಳಿದ ಹದಿನಾಲ್ಕು ತಿಂಗಳಲ್ಲಿ ಸವೆತ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ.

ಲೆದರ್ ಬಗ್ಗೆ ಒಂದು ತಪ್ಪು ತಿಳುವಳಿಕೆ ನಮ್ಮಲ್ಲಿ ಜಾಸ್ತಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಮೆತ್ತಗಾಗುತ್ತದೆ ಅಂತ ಹೇಳುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಚಪ್ಪಲಿಗೆ ಅದು ಸರಿ ಇರಬಹುದು. ಆದರೆ ಇವತ್ತಿನ ಹೆಚ್ಚಿನ ಕಾರುಗಳ ಲೆದರ್ ಮೇಲೆ ಬಣ್ಣದ ಒಂದು ಪದರ, ಅದರ ಮೇಲೆ ಪಾಲಿಯುರೆಥೇನ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್‌ನ ತೆಳು ಪದರ ಇರುತ್ತದೆ. ಎಣ್ಣೆ ಅದನ್ನು ದಾಟಿ ಚರ್ಮಕ್ಕೆ ಇಳಿಯುವುದು ಕಷ್ಟ. ಮೇಲೆ ಉಳಿದು ಧೂಳನ್ನು ಹಿಡಿಯುತ್ತದೆ, ಅಷ್ಟೇ. ನಿಮ್ಮ ಸೀಟಿನಲ್ಲಿ ಈಗ ಹೋಗಿರುವುದು ಈ ಮೇಲಿನ ಪದರ. ಅದು ತೂತು ಬಿದ್ದು ಕೆಳಗಿನ ಚರ್ಮದ ನಾರು ಕಾಣುವ ತನಕ ಹೆದರಬೇಕಿಲ್ಲ. ಅಷ್ಟರೊಳಗೆ ಮಾತ್ರ ಏನಾದರೂ ಮಾಡಬೇಕು.

ಮಾಡಬೇಕಾದ್ದು ಧೂಳು ತೆಗೆಯುವುದು. ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ. ರೂಫ್ ತೆಗೆದು ಅಣ್ಣಿಗೇರಿ ದಾಟಿ ಗದಗಿನ ಕಡೆ ಹೋದರೆ ಎರೆ ಹೊಲದ, ಅಂದರೆ ಕಪ್ಪು ಮಣ್ಣಿನ ಧೂಳು. ಇನ್ನೊಂದು ದಿಕ್ಕಿಗೆ ಹೋದರೆ ಮಸಾರಿ, ಅಂದರೆ ಕೆಂಪು ಮಣ್ಣು. ಎರೆ ಮಣ್ಣು ಜೇಡಿಯಂತೆ ನುಣ್ಣಗೆ ಇರುತ್ತದೆ. ಬೆವರಿನ ಜೊತೆ ಸೇರಿ ಲೆದರಿನ ಗೆರೆಗಳಲ್ಲಿ ಮೆತ್ತಿಕೊಳ್ಳುತ್ತದೆ, ಕಲೆ ಮಾಡುತ್ತದೆ. ಮಸಾರಿಯಲ್ಲಿ ಮರಳಿನ ಕಣ ಹೆಚ್ಚು. ಅದು ಉಜ್ಜು ಕಾಗದದ ಕೆಲಸ ಮಾಡುತ್ತದೆ. ನನ್ನ ಅನುಭವದಲ್ಲಿ ಸೀಟಿಗೆ ಮಸಾರಿಯೇ ಹೆಚ್ಚು ಕೆಟ್ಟದ್ದು, ಯಾಕೆಂದರೆ ಕಲೆ ತೊಳೆದರೆ ಹೋಗುತ್ತದೆ, ಗೀರು ಹೋಗುವುದಿಲ್ಲ. ಒಣ ಬಟ್ಟೆಯಿಂದ ಗಸಗಸ ತಿಕ್ಕಬೇಡಿ. ಮೊದಲು ಮೆತ್ತನೆ ಬ್ರಷ್ ಹಾಕಿದ ವ್ಯಾಕ್ಯೂಮ್, ಆಮೇಲೆ ಹಿಂಡಿದ ಒದ್ದೆ ಮೈಕ್ರೋಫೈಬರ್ ಬಟ್ಟೆ. ಎರಡು ವಾರಕ್ಕೊಮ್ಮೆ ಸಾಕು. ತಿಂಗಳಿಗೊಮ್ಮೆ ಲೆದರ್‌ಗೆಂದೇ ಬರುವ ಸೌಮ್ಯ ಕ್ಲೀನರ್ ಬಳಸಿ. ಪಳಪಳ ಹೊಳೆಯುವ ಪಾಲಿಶ್ ಬೇಡ, ಸೀಟು ಜಾರುತ್ತದೆ.

ಬಿಸಿಲನ್ನು ಮರೆಯುವಂತಿಲ್ಲ. ಅಮೆರಿಕದ ಅರಿಜೋನಾದ ಟೆಂಪೆ ನಗರದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇಸಿಗೆ ಬಿಸಿಲಲ್ಲಿ ಒಂದು ಗಂಟೆ ನಿಂತ ಮುಚ್ಚಿದ ಕಾರುಗಳನ್ನು ಅಳೆದರು. ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್, ಸ್ಟೀರಿಂಗ್ 53, ಸೀಟು 51 ಮುಟ್ಟಿದ್ದವು. ನೆರಳಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸುಮಾರು 48. ಒಂದು ಬೇವಿನ ಮರದ ನೆರಳಿಗೆ ಇಪ್ಪತ್ತು ಡಿಗ್ರಿ ವ್ಯತ್ಯಾಸ ಅಂತ ತಿಳಿಯಿರಿ. ಕನ್ವರ್ಟಿಬಲ್ ರೂಫ್ ತೆಗೆದು ನಿಲ್ಲಿಸಿದರೆ ಗಾಳಿ ಆಡುತ್ತದೆ ನಿಜ, ಆದರೆ ನೇರಳಾತೀತ ಕಿರಣ ಗಾಜಿನ ತಡೆಯಿಲ್ಲದೆ ನೇರ ಸೀಟಿನ ಮೇಲೆ ಬೀಳುತ್ತದೆ. ಬಣ್ಣ ಮಾಸುತ್ತದೆ, ಪ್ಲಾಸ್ಟಿಕ್ ಒಣಗಿ ಬಿರುಸಾಗುತ್ತದೆ. ಕಾರು ಮಾಡುವವರಿಗೂ ಇದು ಗೊತ್ತು. ಬಿಎಂಡಬ್ಲ್ಯು 2007ರ 3 ಸೀರೀಸ್ ಕನ್ವರ್ಟಿಬಲ್‌ನಲ್ಲಿ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವ ವಿಶೇಷ ಬಣ್ಣದ ಲೆದರ್ ತಂದಿತ್ತು, 20 ಡಿಗ್ರಿಯಷ್ಟು ಕಡಿಮೆ ಕಾಯುತ್ತದೆ ಅಂತ ಹೇಳಿತ್ತು. ರೂಫ್ ತೆಗೆಯುವ ಆಸೆಯನ್ನು ಬೆಳಗ್ಗೆ, ಸಂಜೆಗೆ ಇಟ್ಟುಕೊಳ್ಳಿ. ಧಾರವಾಡದ ಸಂಜೆ ಗಾಳಿಗಿಂತ ಒಳ್ಳೆಯ ಹೊತ್ತು ಈ ಗಾಡಿಗೆ ಇನ್ನೊಂದಿಲ್ಲ. ಮಧ್ಯಾಹ್ನ ನಿಲ್ಲಿಸಿದರೆ ರೂಫ್ ಮುಚ್ಚಿ.

ಸೀಟಿನ ವಿಷಯ ಬಿಡುವ ಮುಂಚೆ ಒಂದು ಎಚ್ಚರಿಕೆ. ಇದನ್ನು ಎರಡು ಸಲ ಓದಿ. ನಮ್ಮ ಊರಿನ ಕುಶನ್ ಕೆಲಸದವರು ಕೈಚಳಕ ಇರುವವರು, ಸೋಫಾ, ಜೀಪು, ಟ್ರ್ಯಾಕ್ಟರ್ ಸೀಟು ಚಂದ ಹೊಲಿಯುತ್ತಾರೆ. ಆದರೆ ನಿಮ್ಮ ಸೀಟಿನ ಬೆನ್ನಿನ ಹೊರಬದಿಯಲ್ಲಿ ಏರ್‌ಬ್ಯಾಗ್ ಇರುವ ಸಾಧ್ಯತೆ ತುಂಬಾ. ಛಾವಣಿಯ ಅಂಚಿನಲ್ಲಿ, ಕಿಟಕಿಯ ಮೇಲೆ ಇಳಿಯುವ ಪರದೆ ಏರ್‌ಬ್ಯಾಗ್ ಇಡಲು ಕನ್ವರ್ಟಿಬಲ್‌ನಲ್ಲಿ ಜಾಗ ಇಲ್ಲ. ಅದಕ್ಕೆ ತಲೆ ಮತ್ತು ಎದೆ ಎರಡನ್ನೂ ಕಾಯುವ ಏರ್‌ಬ್ಯಾಗನ್ನು ಹೆಚ್ಚಾಗಿ ಸೀಟಿನಲ್ಲೇ ಇಡುತ್ತಾರೆ. ಅಲ್ಲಿನ ಹೊಲಿಗೆ ಅಪಘಾತದ ಹೊತ್ತಿಗೆ ಹರಿದು ದಾರಿ ಬಿಡುವಂತೆ ಲೆಕ್ಕ ಹಾಕಿ ಹಾಕಿದ್ದು. ಅದನ್ನು ಗಟ್ಟಿ ದಾರದಿಂದ ಮತ್ತೆ ಹೊಲಿದರೆ ಏರ್‌ಬ್ಯಾಗ್ ಸರಿಯಾಗಿ ಬಿಚ್ಚದೇ ಹೋಗಬಹುದು. ಮೇಲೆ ಬಿಗಿಯಾದ ಸೀಟ್ ಕವರ್ ಹಾಕಿದರೂ ಅದೇ ಅಪಾಯ. ಬಣ್ಣ ಮಾತ್ರ ಹೋಗಿದ್ದರೆ ಲೆದರ್ ರಿಪೇರಿ ಗೊತ್ತಿದ್ದವರು ಹೊಲಿಗೆ ಮುಟ್ಟದೇ ಬಣ್ಣ ಕಟ್ಟಿ ಕೊಡುತ್ತಾರೆ. ಅದೂ ಲೀಸ್ ಕಂಪನಿಯ ಒಪ್ಪಿಗೆ ಮೇಲ್‌ನಲ್ಲಿ ತೆಗೆದುಕೊಂಡ ಮೇಲೆ.

ಬಟನ್ ಅಂಟಾಗುವುದು ಬೇರೆ ಕಥೆ. ಪ್ಲಾಸ್ಟಿಕ್ ಬಟನ್ ಕೈಗೆ ಮೆತ್ತಗೆ ಅನ್ನಿಸಲಿ ಅಂತ ಅದರ ಮೇಲೆ ರಬ್ಬರಿನಂಥ ಲೇಪನ ಕೊಡುತ್ತಾರೆ. ಬಿಸಿ ಮತ್ತು ತೇವ ಎರಡೂ ಸೇರಿದರೆ ವರ್ಷಗಳಲ್ಲಿ ಆ ಲೇಪನ ಒಳಗೊಳಗೇ ಒಡೆಯುತ್ತದೆ, ಬೆಲ್ಲದ ಪಾಕದ ಹಾಗೆ ಜಿಗುಟಾಗುತ್ತದೆ. ಕೈಯ ಎಣ್ಣೆ, ಸನ್‌ಸ್ಕ್ರೀನ್, ಸ್ಯಾನಿಟೈಸರ್ ಅದನ್ನು ಬೇಗ ಮಾಡುತ್ತವೆ. ಇದು ಅಗ್ಗದ ಗಾಡಿಯ ರೋಗ ಅಲ್ಲ. ಫೆರಾರಿ 360ಯಂಥ ಹಳೆಯ ಕಾರುಗಳ ಮಾಲೀಕರಿಗೆ ಅಂಟು ಬಟನ್ ಚೆನ್ನಾಗಿ ಪರಿಚಯ. ಆದರೆ ಅಲ್ಲಿ ವಯಸ್ಸಾದ ಮೇಲೆ ಬಂದದ್ದು. ಇಪ್ಪತ್ತೆರಡು ತಿಂಗಳಿಗೇ ಬಂದರೆ ನಾನು ಅದನ್ನು ಸವೆತ ಅಂತ ಒಪ್ಪುವುದಿಲ್ಲ. ವಾರಂಟಿ ಇರುವಾಗಲೇ ಸರ್ವಿಸ್ ಸೆಂಟರಿಗೆ ಹೋಗಿ ಆ ಬಟನ್ ಬದಲಿಸಿ ಕೊಡಿ ಅಂತ ಕೇಳಿ. ಸ್ಪಿರಿಟ್ ಹಾಕಿ ನೀವೇ ಒರೆಸಲು ಹೋಗಬೇಡಿ. ಅಂಟು ಹೋಗುತ್ತದೆ, ಜೊತೆಗೆ ಬಟನ್ ಮೇಲಿನ ಗುರುತೂ ಹೋಗಬಹುದು. ಆಮೇಲೆ ತಪ್ಪು ನಿಮ್ಮದೇ ಆಗುತ್ತದೆ.

ಇನ್ನು ಸದ್ದು. ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಪೂರ್ತಿ ಪೊಟ್ಟಣವನ್ನು ತಿರುಚಿ ನೋಡಿ, ಬಗ್ಗುವುದಿಲ್ಲ. ಒಳಗಿನ ತೆರೆದ ಗೂಡನ್ನು ಮಾತ್ರ ಹೊರಗೆ ಎಳೆದು ತಿರುಚಿ, ಸಲೀಸಾಗಿ ತಿರುಚುತ್ತದೆ. ಛಾವಣಿ ಇಲ್ಲದ ಕಾರು ಆ ಗೂಡು. ಗುಂಡಿಗೆ ಒಂದು ಚಕ್ರ ಇಳಿದಾಗ ಇಡೀ ಬಾಡಿ ಕೂದಲೆಳೆಯಷ್ಟು ತಿರುಚಿ ಮತ್ತೆ ನೇರವಾಗುತ್ತದೆ. ಡ್ಯಾಶ್‌ಬೋರ್ಡ್, ಬಾಗಿಲಿನ ಪ್ಯಾನಲ್, ರಬ್ಬರ್ ಬೀಡಿಂಗ್ ಒಂದಕ್ಕೊಂದು ಉಜ್ಜಿ ಸದ್ದು ಬರುತ್ತದೆ. ಬಿಎಂಡಬ್ಲ್ಯುವಿನ ಎರಡು ಸೀಟಿನ ಕನ್ವರ್ಟಿಬಲ್ ಜೆಡ್4ನ ಮೂರನೇ ತಲೆಮಾರು ತಯಾರಾದದ್ದು ಆಸ್ಟ್ರಿಯಾದ ಗ್ರಾಟ್ಸ್ ಊರಿನಲ್ಲಿ. ಅಂಥ ಕಾರ್ಖಾನೆಯಿಂದ ಬಂದ ಗಾಡಿಯೂ ಈ ನಿಯಮದಿಂದ ತಪ್ಪಿಸಿಕೊಳ್ಳಲಾರದು.

ಅಂದರೆ ಸದ್ದನ್ನು ಸಹಿಸಬೇಕು ಅಂತಲ್ಲ. ಮೊದಲು ಟೈರಿನ ಗಾಳಿ ತಣ್ಣಗಿರುವಾಗ ನೋಡಿ. ಪೆಟ್ರೋಲ್ ಬಂಕಿನಲ್ಲಿ ಕೇಳದೇ ಜಾಸ್ತಿ ಹೊಡೆದುಬಿಡುತ್ತಾರೆ, ಆಗ ಗುಂಡಿಯ ಪೆಟ್ಟು ಬಾಡಿಗೆ ಇನ್ನೂ ಜೋರಾಗಿ ಬೀಳುತ್ತದೆ. ಪಕ್ಕದ ಸೀಟು ಖಾಲಿ ಇದ್ದಾಗ ಅದರ ಬೆಲ್ಟನ್ನು ಸಿಕ್ಕಿಸಿ. ಬಹಳ ಸಲ ಬೆಲ್ಟಿನ ಕೊಂಡಿಯೇ ಪ್ಲಾಸ್ಟಿಕ್‌ಗೆ ಬಡಿಯುತ್ತಿರುತ್ತದೆ. ಬಾಗಿಲಿನ ಗಾಜಿನ ಸುತ್ತ ಇರುವ ರಬ್ಬರನ್ನು ಒರೆಸಿ, ಸಿಲಿಕೋನ್ ಆಧಾರದ ರಬ್ಬರ್ ಕೇರ್ ತೆಳ್ಳಗೆ ಹಚ್ಚಿ. ವ್ಯಾಸಲೀನ್, ಗ್ರೀಸ್ ಬೇಡ, ಪೆಟ್ರೋಲಿಯಂ ತಾಗಿದರೆ ಈ ಜಾತಿಯ ರಬ್ಬರ್ ಉಬ್ಬುತ್ತದೆ. ಇಷ್ಟಾದ ಮೇಲೂ ಸದ್ದು ಉಳಿದರೆ ಸರ್ವಿಸ್ ಸೆಂಟರಿನ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸದ್ದು ಬರುವ ರಸ್ತೆಯಲ್ಲೇ ಓಡಿಸಿ ಕೇಳಿಸಿ. ಕೇಳಿಸಿದ್ದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಬಾಯಿಮಾತು ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ.

ನೀವು ಕೇಳಿಲ್ಲ, ಆದರೂ ಮಳೆಗಾಲದ ಒಂದು ಮಾತು. ಬಟ್ಟೆಯ ರೂಫ್ ಆದರೆ ಅದರ ಬುಡದಲ್ಲಿ ನೀರು ಹರಿದು ಹೋಗಲು ಸಣ್ಣ ಕೊಳವೆಗಳಿರುತ್ತವೆ. ಬೇವು, ಹುಣಸೆ ಎಲೆ ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ, ಮ್ಯಾಟಿನ ಕೆಳಗೆ ಬೂಷ್ಟು ಹಿಡಿಯುತ್ತದೆ. ನಿಧಾನವಾಗಿ ಒಂದು ಲೋಟ ನೀರು ಸುರಿದು ಗಾಡಿಯ ಕೆಳಗೆ ಬರುತ್ತದಾ ನೋಡಿ. ಒದ್ದೆ ರೂಫನ್ನು ಮಡಚಿ ಇಡಬೇಡಿ.

ಈಗ ದುಡ್ಡಿನ ಮಾತು. ಗಾಡಿ ವಾಪಸ್ ಪಡೆದ ಕಂಪನಿ ಅದನ್ನು ಮಾರಬೇಕು. ಇಷ್ಟು ಬೆಲೆ ಉಳಿಯುತ್ತದೆ ಅಂತ ಮೊದಲೇ ಅಂದಾಜು ಹಾಕಿಯೇ ನಿಮ್ಮ ತಿಂಗಳ ಕಂತು ಕಟ್ಟಿರುತ್ತಾರೆ. ಹಾಗಾಗಿ ಸೀಟು ಯಾಕೆ ಸವೆಯಿತು ಅನ್ನುವುದಕ್ಕಿಂತ ಮುಂದಿನ ಗಿರಾಕಿ ಅದನ್ನು ನೋಡಿ ಬೆಲೆ ಇಳಿಸುತ್ತಾನಾ ಅನ್ನುವುದೇ ಅವರಿಗೆ ಮುಖ್ಯ. ಬ್ರಿಟನ್ನಿನಲ್ಲಿ ಬಿವಿಆರ್‌ಎಲ್‌ಎ ಅನ್ನುವ ಲೀಸಿಂಗ್ ಕಂಪನಿಗಳ ಸಂಘ ಸಹಜ ಸವೆತ ಯಾವುದು, ಹಾನಿ ಯಾವುದು ಅಂತ ಕೈಪಿಡಿಯನ್ನೇ ಮಾಡಿದೆ. ಬಳಕೆಯಿಂದ ಬಂದ ಸವೆತಕ್ಕೆ ಅಲ್ಲಿ ರಿಯಾಯಿತಿ ಇದೆ. ಸುಟ್ಟ ಗುರುತು, ಹರಿದ ಜಾಗ, ಕಲೆ, ವಾಸನೆಗೆ ಇಲ್ಲ. ನಿಮಗೆ ಲೆಕ್ಕಕ್ಕೆ ಬರುವುದು ನಿಮ್ಮ ಒಪ್ಪಂದದ ಕೊನೆಯಲ್ಲಿರುವ ಅನುಬಂಧ. ವಾಪಸ್ ಕೊಡುವಾಗ ಗಾಡಿ ಹೇಗಿರಬೇಕು ಅಂತ ಅಲ್ಲಿ ಏನು ಬರೆದಿದೆ, ತಪಾಸಣೆ ಮಾಡುವವರು ಯಾರು, ನಿಮಗೆ ತಕರಾರು ಹೇಳಲು ಎಷ್ಟು ದಿನ, ಈ ಮೂರನ್ನು ಪೆನ್ಸಿಲ್‌ನಿಂದ ಗುರುತು ಮಾಡಿಕೊಳ್ಳಿ. ಸುಕ್ಕು ಮತ್ತು ಮಾಸಿದ ಬಣ್ಣ ಸಾಮಾನ್ಯವಾಗಿ ಸವೆತದ ಲೆಕ್ಕಕ್ಕೆ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ. ಲೆದರ್ ಬಿರಿದರೆ ಆ ವಾದ ನಿಲ್ಲುವುದಿಲ್ಲ.

ನನಗೆ ಇದು ನೋವಿನಿಂದ ಕಲಿತ ಪಾಠ. ಕೆಲವು ವರ್ಷಗಳ ಹಿಂದೆ ಲೀಸ್ ಮೇಲಿದ್ದ ಒಂದು ಕಾರನ್ನು ವಾಪಸ್ ಕೊಟ್ಟಾಗ ಬಾಗಿಲ ಬಳಿಯ ಪಟ್ಟಿಯ ಗೀರಿಗೆ ಹಣ ಮುರಿದುಕೊಂಡರು. ಆ ಗೀರು ಗಾಡಿ ಕೈಗೆ ಬಂದ ಮೊದಲ ದಿನವೇ ಇತ್ತು. ಮನೆಯವರೆಲ್ಲ ನೋಡಿದ್ದೆವು. ಆದರೆ ಅವತ್ತು ತೆಗೆದ ಫೋಟೋಗಳಲ್ಲಿ ನಾವು, ಹಾರ, ನಿಂಬೆಹಣ್ಣು, ಕುಂಕುಮ ಎಲ್ಲ ಇವೆ. ಆ ಪಟ್ಟಿ ಮಾತ್ರ ಒಂದರಲ್ಲೂ ಇಲ್ಲ. ಎಷ್ಟು ವಾದ ಮಾಡಿದರೂ ಕೈಯಲ್ಲಿ ಪುರಾವೆ ಇರಲಿಲ್ಲ.

ಅದಕ್ಕೇ ಈ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಗಾಡಿಯನ್ನು ನೆರಳಿಗೆ ತಂದು ಎರಡೂ ಸೀಟಿನ ಅಂಚು, ಅಂಟು ಬಟನ್, ಡ್ಯಾಶ್‌ಬೋರ್ಡಿನ ಹೊಲಿಗೆ, ರೂಫಿನ ಮಡಿಕೆ ಎಲ್ಲವನ್ನೂ ಹತ್ತಿರದಿಂದ ಫೋಟೋ ತೆಗೆಯಿರಿ. ಬಟನ್ ಮತ್ತು ಸದ್ದಿನ ದೂರನ್ನು ಸೋಮವಾರವೇ ಸರ್ವಿಸ್ ಸೆಂಟರಿಗೆ ಮೇಲ್ ಮಾಡಿ, ಲೀಸ್ ಕಂಪನಿಗೂ ಪ್ರತಿ ಹಾಕಿ. ವಾಪಸ್ ಕೊಡುವ ಮೂರು ತಿಂಗಳ ಮುಂಚೆ ಮತ್ತೊಮ್ಮೆ ಅದೇ ಜಾಗಗಳ ಫೋಟೋ ತೆಗೆಯಿರಿ, ಸೀಟಿಗೆ ಬಣ್ಣ ಕಟ್ಟಿಸಬೇಕಾ ಬೇಡವಾ ಅನ್ನುವುದನ್ನು ಆಗ ಎರಡನ್ನೂ ಪಕ್ಕಪಕ್ಕ ಇಟ್ಟು ತೀರ್ಮಾನಿಸಿ. ಎರಡೂ ಸಲ ಒಂದು ಫೋಟೋದಲ್ಲಿ ಕಿಲೋಮೀಟರ್ ಅಂಕಿ ಕಾಣುವಂತಿರಲಿ.