ಪೋರ್ಟ್‌ಫೋಲಿಯೊ: ಹಾಳೆ ಹೊರುವ ಪದ

ಇಟಾಲಿಯನ್ ಭಾಷೆಯಲ್ಲಿ 'ಪೋರ್ತಾರೆ' ಎಂದರೆ ಹೊರುವುದು, ಒಯ್ಯುವುದು. 'ಫೋಲ್ಯೊ' ಎಂದರೆ ಹಾಳೆ. ಎರಡೂ ಕೂಡಿ ಆದದ್ದು 'ಪೋರ್ತಾಫೋಲ್ಯೊ', ಅಂದರೆ ಬಿಡಿ ಹಾಳೆಗಳನ್ನು ಸುಕ್ಕಾಗದಂತೆ ಒಯ್ಯುವ ಚೀಲ. ಇಟಲಿಯವರು ಇವತ್ತಿಗೂ ಜೇಬಿನ ಪರ್ಸನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಇನ್ನೂ ಹಿಂದೆ ಹೋದರೆ ಲ್ಯಾಟಿನ್‌ನ 'ಫೋಲಿಯಂ' ಸಿಗುತ್ತದೆ, ಅದರ ಅರ್ಥ ಎಲೆ. ಅಡಿಕೆ ಮರದಿಂದ ಕಳಚಿ ಬೀಳುವುದನ್ನೂ ಪುಸ್ತಕದ ಪುಟವನ್ನೂ ಒಂದೇ 'ಹಾಳೆ' ಎನ್ನುವ ನಮಗೆ ಈ ನಂಟು ಹೊಸದಲ್ಲ.

ಇಂಗ್ಲಿಷಿಗೆ ಈ ಪದ 18ನೇ ಶತಮಾನದಲ್ಲಿ ಬಂತು. ಮುಂದೆ ಚೀಲದ ಹೆಸರು ಅದರೊಳಗಿನ ವಸ್ತುವಿಗೂ ಅಂಟಿಕೊಂಡಿತು. ಮಂತ್ರಿಯ ಚೀಲದಲ್ಲಿದ್ದ ಇಲಾಖೆಯ ಕಾಗದಗಳಿಂದ ನಾವು 'ಖಾತೆ' ಎನ್ನುವ ಅರ್ಥ ಹುಟ್ಟಿತು. ಹೂಡಿಕೆದಾರನ ಚೀಲದಲ್ಲಿದ್ದ ಬಾಂಡು, ಷೇರು ಪತ್ರಗಳಿಂದ ಹೂಡಿಕೆಗಳ ಒಟ್ಟು ಮೊತ್ತ ಎಂಬ ಅರ್ಥ ಬಂತು. ಚಿತ್ರಕಾರರಿಗೆ ಮತ್ತು ಫೋಟೊಗ್ರಾಫರ್‌ಗಳಿಗೆ ಮಾತ್ರ ಪದ ಹೆಚ್ಚು ಕಡಿಮೆ ಮೊದಲಿನ ಅರ್ಥದಲ್ಲೇ ಉಳಿಯಿತು: ಇನ್ನೊಬ್ಬರ ಮುಂದೆ ಇಡಲು ಒಯ್ಯುವ ಹಾಳೆಗಳು.

ಆಲ್ಬಮ್ ಮತ್ತು ಪೋರ್ಟ್‌ಫೋಲಿಯೊ ಒಂದೇ ಎಂದುಕೊಳ್ಳುವವರಿದ್ದಾರೆ. 'ಆಲ್ಬಮ್' ಲ್ಯಾಟಿನ್‌ನ 'ಬಿಳಿ' ಎಂಬ ಪದದಿಂದ ಬಂದದ್ದು. ಅದು ಖಾಲಿಯಾಗಿದ್ದು ತುಂಬಿಸಿಕೊಳ್ಳಲು ಕಾಯುತ್ತದೆ, ಸಿಕ್ಕ ನೆನಪುಗಳನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ಪೋರ್ಟ್‌ಫೋಲಿಯೊದ ಸ್ವಭಾವ ಇದಕ್ಕೆ ತದ್ವಿರುದ್ಧ. ಹೊರಬೇಕಾದ ಭಾರ ಎಂದಮೇಲೆ ಯಾವುದನ್ನು ಬಿಟ್ಟು ಬರಬೇಕು ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಇಪ್ಪತ್ತು ಚಿತ್ರಗಳ ಪೋರ್ಟ್‌ಫೋಲಿಯೊ ನೋಡಿದಾಗ ಅದರ ಹಿಂದೆ ಕೈಬಿಟ್ಟ ಇನ್ನೂರು ಚಿತ್ರಗಳು ಇದ್ದವು ಎಂದು ನಮಗೆ ಅನ್ನಿಸಬೇಕು.

ಮುದ್ರಿತ ಪೋರ್ಟ್‌ಫೋಲಿಯೊ ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಅಳತೆಯನ್ನು, ಆಮೇಲೆ ಹೊದಿಕೆಯ ಬಣ್ಣವನ್ನು. ನನ್ನ ಪ್ರಕಾರ ಮೊದಲು ತೀರ್ಮಾನವಾಗಬೇಕಾದದ್ದು ಹಾಳೆಗಳು ಬಿಡಿಯಾಗಿರಬೇಕೋ ಕಟ್ಟಿರಬೇಕೋ ಎಂಬುದು. ಪುಸ್ತಕದಂತೆ ತೆರೆದುಕೊಳ್ಳುವ ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿ ಪ್ರಿಂಟ್‌ಗಳನ್ನು ಇಡುವುದು ಹಳೆಯ ಕ್ರಮ. ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ 1927ರಲ್ಲಿ ತಮ್ಮ ಮೊದಲ ಪೋರ್ಟ್‌ಫೋಲಿಯೊ ಹೊರತಂದಾಗ ಸಿಯೆರಾ ನೆವಾಡ ಪರ್ವತಗಳ 18 ಪ್ರಿಂಟ್‌ಗಳನ್ನು ಹೀಗೆಯೇ ಒಂದು ಹೊದಿಕೆಯೊಳಗೆ ಕೊಟ್ಟಿದ್ದರು. ಬಿಡಿ ಪ್ರಿಂಟನ್ನು ನೋಡುವವರು ಕೈಗೆತ್ತಿಕೊಳ್ಳಬಹುದು, ಕಿಟಕಿಯ ಬೆಳಕಿಗೆ ಹಿಡಿಯಬಹುದು, ಎರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಗ್ಯಾಲರಿಯವರಿಗೂ ಸಂಗ್ರಾಹಕರಿಗೂ ಇದೇ ಸರಿ. ಆದರೆ ಕ್ರಮ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ, ಅಂಚುಗಳು ಬೇಗ ಮುದುಡುತ್ತವೆ.

ಹೊಲಿದೋ ಅಂಟಿಸಿಯೋ ಕಟ್ಟಿದ ಫೋಟೊಬುಕ್ಕಿನಲ್ಲಿ ಕ್ರಮ ಗಟ್ಟಿ. ಒಂದೇ ವಿಷಯದ ಮೇಲೆ ವರ್ಷಗಟ್ಟಲೆ ಮಾಡಿದ, ಈಗ ಮುಗಿದಿರುವ ಕೆಲಸಕ್ಕೆ ಅದು ತಕ್ಕುದು. ಇನ್ನೂ ಬೆಳೆಯುತ್ತಿರುವ ಕೆಲಸಕ್ಕೆ ಅದು ಬೇಡಿಯಾಗುತ್ತದೆ, ಒಂದು ಚಿತ್ರ ಬದಲಿಸಲು ಇಡೀ ಪುಸ್ತಕವನ್ನು ಮತ್ತೆ ಮುದ್ರಿಸಬೇಕು. ಇವೆರಡರ ನಡುವಿನದು ಸ್ಕ್ರೂ ಪೋಸ್ಟ್ ಬೈಂಡಿಂಗ್. ರಟ್ಟಿನ ಬೆನ್ನಿನೊಳಗೆ ಲೋಹದ ತಿರುಪುಗಳಿರುತ್ತವೆ, ಬಿಚ್ಚಿದರೆ ಹಾಳೆ ಬದಲಿಸಬಹುದು. ಕೆಲಸ ಕೇಳಿಕೊಂಡು ಹೋಗುವವರಿಗೆ ನಾನು ಹೇಳುವುದು ಇದನ್ನೇ. ಮದುವೆ ಚಿತ್ರ ಬೇಕಾದವರ ಹತ್ತಿರ ಹೋಗುವಾಗ ಕಟ್ಟಡಗಳ ಹಾಳೆಗಳನ್ನು ಹಿಂದಿನ ಸಂಜೆಯೇ ತೆಗೆದಿಡಬಹುದು. ದಪ್ಪ ಹಾಳೆ ಬೆನ್ನಿನ ಹತ್ತಿರ ಮಡಿಯುವುದಿಲ್ಲ. ಆದ್ದರಿಂದ ಅಲ್ಲಿ ಒತ್ತುಗೆರೆ ಹಾಕಿಸಿರಬೇಕು, ಇಲ್ಲವಾದರೆ ಪುಟ ತಿರುಗಿಸುವವರು ಒಂದು ಕೈಯಿಂದ ಒತ್ತಿ ಹಿಡಿದುಕೊಂಡೇ ನೋಡಬೇಕಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಲಕೋಟೆಗಳು ಬೆರಳಚ್ಚಿನಿಂದ ಕಾಪಾಡುತ್ತವೆ ನಿಜ, ಆದರೆ ದೀಪವನ್ನು ಪ್ರತಿಫಲಿಸಿ ಚಿತ್ರವನ್ನೇ ಮುಚ್ಚುತ್ತವೆ, ಕಾಗದದ ಸ್ಪರ್ಶವನ್ನೂ ಕಿತ್ತುಕೊಳ್ಳುತ್ತವೆ. ಬಳಸಲೇಬೇಕಿದ್ದರೆ ಪಿವಿಸಿ ಬೇಡ, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಇರಲಿ. ಪಿವಿಸಿ ಕಾಲಕ್ರಮದಲ್ಲಿ ಪ್ರಿಂಟಿಗೆ ಹಾನಿ ಮಾಡುತ್ತದೆ.

ಇನ್ನು ಅಳತೆ. ಬಹಳಷ್ಟು ಕ್ಯಾಮೆರಾಗಳ ಚಿತ್ರ 3:2 ಅನುಪಾತದ್ದು. ಎ4 ಹಾಳೆ 297×210 ಮಿಲಿಮೀಟರ್, ಅದರ ಅನುಪಾತ ಸುಮಾರು 1.41. ಅಡ್ಡವಾಗಿಟ್ಟ ಎ4ನಲ್ಲಿ ಎಡಬಲಕ್ಕೆ 20 ಮಿಲಿಮೀಟರ್ ಬಿಟ್ಟರೆ ಚಿತ್ರ 257×171 ಆಗುತ್ತದೆ, ಮೇಲೆ ಕೆಳಗೆ ಉಳಿಯುವುದೂ ಹತ್ತಿರಹತ್ತಿರ 20. ನಾಲ್ಕೂ ಕಡೆ ಹದವಾದ ಅಂಚು ತಾನಾಗಿ ಒದಗಿಬರುತ್ತದೆ. 4:3 ಚಿತ್ರಕ್ಕೆ ಈ ಅನುಕೂಲವಿಲ್ಲ, ಅದನ್ನು ಕುಗ್ಗಿಸಿ ಎಡಬಲಕ್ಕೆ ಹೆಚ್ಚು ಬಿಳಿ ಬಿಡಬೇಕು. ಪಿಕ್ಸೆಲ್ ಸಾಲದು ಎಂಬ ಭಯ ಮಾತ್ರ ಬೇಡ. 6000×4000 ಪಿಕ್ಸೆಲ್‌ನ ಚಿತ್ರ ಇಂಚಿಗೆ 300ರಂತೆ 20 ಇಂಚು ಅಗಲಕ್ಕೆ ಸಾಕಾಗುತ್ತದೆ, ಎ3 ಕೂಡ ಅಷ್ಟು ಅಗಲವಿಲ್ಲ. ಚಿತ್ರಗಳಲ್ಲಿ ಹೆಚ್ಚಿನವು ಅಡ್ಡವಾಗಿದ್ದರೆ ಪುಸ್ತಕವೂ ಅಡ್ಡವಿರಲಿ. ಉದ್ದನೆಯ ಚಿತ್ರ ಬಂದಾಗ ಅದನ್ನು ಚಿಕ್ಕದಾಗಿ, ನೆಟ್ಟಗೆ ಮುದ್ರಿಸಿ. ಪ್ರತಿ ಎರಡನೇ ಪುಟಕ್ಕೆ ಪುಸ್ತಕವನ್ನೇ ತಿರುಗಿಸಬೇಕಾದವರು ಬೇಗ ದಣಿಯುತ್ತಾರೆ.

ಕಾಗದದ ವಿಚಾರದಲ್ಲಿ ಬೆಲೆಗಿಂತ ಚಿತ್ರದ ಸ್ವಭಾವ ಮುಖ್ಯ. ಹೊಳಪಿನ ಕಾಗದದಲ್ಲಿ ಕಪ್ಪು ಆಳವಾಗಿ ಕಾಣುತ್ತದೆ, ಆದರೆ ಮೇಲಿನ ದೀಪವೂ ಅದರಲ್ಲಿ ಕಾಣುತ್ತದೆ. ಮ್ಯಾಟ್ ಕಾಗದ ಬೆಳಕನ್ನು ಚದುರಿಸುತ್ತದೆ, ಅದರಲ್ಲಿ ಕಪ್ಪು ಸ್ವಲ್ಪ ಬೂದಿಯ ಕಡೆ ವಾಲುತ್ತದೆ. ಮಂಜು, ಮುಖ, ಮೃದುವಾದ ಬೆಳಕಿಗೆ ನನ್ನ ಒಲವು ಹತ್ತಿಯ ಮ್ಯಾಟ್ ಕಾಗದದ ಕಡೆ. ಗಾಢ ನೆರಳಿನ ಕಪ್ಪುಬಿಳುಪಿಗೆ ಬೇರಿಯಂ ಸಲ್ಫೇಟಿನ ಲೇಪವಿರುವ ಬರೈಟಾ. ಅತಿ ಬಿಳಿಯಾಗಿ ಮಿನುಗುವ ಕಾಗದದಲ್ಲಿ ಸಾಮಾನ್ಯವಾಗಿ ಹೊಳಪುಕಾರಕ ರಾಸಾಯನಿಕ ಇರುತ್ತದೆ. ಅದು ವರ್ಷಗಳು ಕಳೆದಂತೆ ಶಕ್ತಿಗುಂದಿದಾಗ ಕಾಗದ ಹಳದಿಯಾಗಿ ಕಾಣತೊಡಗುತ್ತದೆ.

ಮೊದಲ ಸಲ ಮುದ್ರಿಸಿದವರ ದೂರು ಯಾವಾಗಲೂ ಒಂದೇ: ಪರದೆಯಲ್ಲಿದ್ದಂತೆ ಇಲ್ಲ, ಕತ್ತಲಾಗಿದೆ. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಮರಳಿಸುತ್ತದೆ. ಪರದೆಯ ಪ್ರಖರತೆಯನ್ನು ಇಳಿಸಿ, ಆ ಕಾಗದಕ್ಕೂ ಪ್ರಿಂಟರಿಗೂ ಹೊಂದುವ ಐಸಿಸಿ ಪ್ರೊಫೈಲ್ (ಬಣ್ಣಗಳು ಅಲ್ಲಿ ಹೇಗೆ ಮೂಡುತ್ತವೆ ಎಂದು ಕಂಪ್ಯೂಟರಿಗೆ ತಿಳಿಸುವ ಫೈಲು) ಹಾಕಿಕೊಂಡು ನೋಡಿದರೆ ಮುಕ್ಕಾಲು ಆಶ್ಚರ್ಯ ಮೊದಲೇ ತೀರುತ್ತದೆ. ಉಳಿದದ್ದಕ್ಕೆ ಎರಡು ಮೂರು ಪರೀಕ್ಷಾ ಪ್ರಿಂಟ್ ತೆಗೆಸಲೇಬೇಕು. ನಾಲ್ಕು ಶಾಯಿಗಳ ಪ್ರೆಸ್ಸಿನಲ್ಲಿ ಅಚ್ಚಾಗುವ ಫೋಟೊಬುಕ್ಕಿನಲ್ಲಿ ಗಾಢ ನೀಲಿ, ಎಳೆಹಸಿರು ಮಂಕಾಗುತ್ತವೆ. ಅಂಥ ಬಣ್ಣಗಳೇ ನಿಮ್ಮ ಕೆಲಸದ ಜೀವವಾಗಿದ್ದರೆ ಹೆಚ್ಚು ಶಾಯಿಗಳ ಇಂಕ್‌ಜೆಟ್ ಪ್ರಿಂಟನ್ನೇ ಆರಿಸಿ.

ತೋರಿಸುವ ದಿನ ಪುಸ್ತಕವನ್ನು ಅವರ ಕೈಗೇ ಕೊಡಿ, ನೀವು ಪುಟ ತಿರುಗಿಸಬೇಡಿ. ವಿವರಣೆಯನ್ನೂ ತಡೆಹಿಡಿಯಿರಿ. ಎಲ್ಲಿ ಕೈ ನಿಧಾನವಾಗುತ್ತದೆ, ಯಾವ ಹಾಳೆಗೆ ಮತ್ತೆ ಹಿಂದಕ್ಕೆ ಹೋಗುತ್ತದೆ, ಯಾವುದನ್ನು ನೋಡದೆಯೇ ದಾಟುತ್ತದೆ ಎಂಬುದನ್ನು ಗಮನಿಸಿ. ಮನೆಗೆ ಬಂದ ಮೇಲೆ ತಿರುಪು ಬಿಚ್ಚಿ, ದಾಟಿಹೋದ ಹಾಳೆಯನ್ನು ಹೊರಗೆ ತೆಗೆಯಿರಿ.