ಮೊದಲು ಸ್ಪ್ರಿಂಗ್, ಆಮೇಲೆ ಶಾಕ್ ಅಬ್ಸಾರ್ಬರ್

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ವರ್ಕ್‌ಶಾಪಿಗೆ ಬಂದು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. "ಹಿಂದೆ ಕೂತುಬಿಟ್ಟಿದೆ, ರಸ್ತೆ ಹಂಪ್‌ಗೆ ತಾಗ್ತದೆ, ಗಟ್ಟಿ ಶಾಕ್ ಹಾಕ್ಕೊಡಿ." ಇದರಲ್ಲಿ ಎರಡು ಬೇರೆ ಬೇರೆ ವಿಷಯ ಬೆರೆತುಹೋಗಿವೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯತೊಡಗಿದರೆ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಕೂತ ಕಾರನ್ನು ಶಾಕ್ ಎತ್ತುವುದಿಲ್ಲ.

ಉದಾಹರಣೆಗೆ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ತೆಗೆದುಕೊಳ್ಳೋಣ. 1962ರಿಂದ 1980ರವರೆಗೆ ತಯಾರಾದ ಕಾರು ಇದು. ಹಿಂದೆ ಒಂದೇ ಗಟ್ಟಿ ಆಕ್ಸಲ್, ಎರಡು ಕಡೆ ಕಮಾನು ಪಟ್ಟಿ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಇವೇ ಇಲ್ಲಿನ ಸ್ಪ್ರಿಂಗ್), ಅದಕ್ಕೆ ಲಿವರ್ ಮಾದರಿಯ ಶಾಕ್, ಅಂದರೆ ಎಣ್ಣೆ ತುಂಬಿದ ಪೆಟ್ಟಿಗೆಯ ತೋಳನ್ನು ಲಿಂಕ್ ಎಂಬ ಸರಳಿನಿಂದ ಆಕ್ಸಲ್‌ಗೆ ಜೋಡಿಸಿದ್ದು. ಪಟ್ಟಿಯ ಬಗ್ಗೆ ನಾನು ಹೇಳುವುದೆಲ್ಲ ಅಂಬಾಸಡರ್, ಪದ್ಮಿನಿ ಇದ್ದವರಿಗೂ ಹೊಂದುತ್ತದೆ.

ಕೆಲಸ ಶುರುವಾಗಬೇಕಾದದ್ದು ಅಳತೆ ಟೇಪಿನಿಂದ. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಎರಡೂ ಕಡೆ ಟೈರಿನ ಗಾಳಿ ಸಮ ಮಾಡಿ. ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಬಂದು ದಾರಿ ತಪ್ಪಿಸುತ್ತದೆ. ಈಗ ಹಿಂಭಾಗವನ್ನು ಕೈಯಿಂದ ಅದುಮಿ, ನಿಧಾನಕ್ಕೆ ಬಿಟ್ಟು ಒಮ್ಮೆ ಅಳೆಯಿರಿ. ಆಮೇಲೆ ಎತ್ತಿ, ನಿಧಾನಕ್ಕೆ ಬಿಟ್ಟು ಇನ್ನೊಮ್ಮೆ. ಎರಡರ ನಡುವೆ ಚೂರುಪಾರು ವ್ಯತ್ಯಾಸ ಇದ್ದೇ ಇರುತ್ತದೆ. ಅದು ಜಾಸ್ತಿ ಬಂದರೆ ಪಟ್ಟಿಗಳು ಒಂದಕ್ಕೊಂದು ಹಿಡಿದುಕೊಂಡಿರುವುದೇ ಹೆಚ್ಚು.

ಕಾರವಾರದಲ್ಲಿ ಈ ತೊಂದರೆ ತುಂಬಾ ನೋಡುತ್ತೇನೆ. ಬೈತಖೋಲ, ಕೋಡಿಬಾಗ ಕಡೆ ಸಮುದ್ರದ ಉಪ್ಪುಗಾಳಿಗೆ ನಿಂತ ಕಾರಿನಲ್ಲಿ ಪಟ್ಟಿಗಳ ನಡುವೆ ತುಕ್ಕು ಕೂರುತ್ತದೆ. ಆಗ ಸಣ್ಣ ಹೊಂಡಕ್ಕೆ ಪಟ್ಟಿ ಬಗ್ಗುವುದೇ ಇಲ್ಲ, ಇಡೀ ಕಟ್ಟು ಒಂದು ಕಬ್ಬಿಣದ ಸರಳಿನ ಹಾಗೆ ನಿಂತುಬಿಡುತ್ತದೆ. ದೊಡ್ಡ ಏಟು ಬಿದ್ದಾಗ ಮಾತ್ರ ತಟ್ಟನೆ ಜಾರುತ್ತದೆ. ಓಡಿಸುವವರಿಗೆ ಶಾಕ್ ಕೆಟ್ಟಿದೆ ಅನಿಸುವುದು ಸಹಜ. ಪಟ್ಟಿ ಬಿಚ್ಚಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಬಿರುಕು ಇದೆಯಾ ನೋಡಿ, ಗ್ರಾಫೈಟ್ ಗ್ರೀಸ್ ಹಚ್ಚಿ ಮತ್ತೆ ಕಟ್ಟಿದರೆ ಎಷ್ಟೋ ಕಾರುಗಳ ದೂರು ಅಲ್ಲಿಗೇ ಮುಗಿಯುತ್ತದೆ.

ಪಟ್ಟಿ ನಿಜವಾಗಿ ಸೋತಿದ್ದರೆ ಅದೇ ಅಳತೆಯ ಹೊಸ ಸೆಟ್ ಹಾಕಬೇಕು. 1974ರ ಕೊನೆಗೆ ರಬ್ಬರ್ ಬಂಪರ್ ಬಂದಾಗ ಎಂಜಿಬಿಯನ್ನು ಸುಮಾರು ಒಂದು ಇಂಚು ಎತ್ತರಿಸಿದರು. ಹಾಗಾಗಿ ಪಟ್ಟಿ ತರಿಸುವ ಮೊದಲು ನಿಮ್ಮದು ಯಾವ ಕಾಲದ ಕಾರು ನೋಡಿಕೊಳ್ಳಿ. ದಯವಿಟ್ಟು ಲಾರಿಯ ಪಟ್ಟಿ ಒಂದನ್ನು ಕತ್ತರಿಸಿ ಸೇರಿಸಬೇಡಿ. ಪಟ್ಟಿಯ ಗಡಸುತನ ಅದರ ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ತಕ್ಕಂತೆ ಏರುತ್ತದೆ. 6 ಮಿ.ಮೀ. ಪಟ್ಟಿಯ ಜಾಗಕ್ಕೆ 7 ಮಿ.ಮೀ. ಪಟ್ಟಿ ಬಂದರೆ ಅದೊಂದೇ ಪಟ್ಟಿ ಸುಮಾರು 1.6 ಪಟ್ಟು ಗಡಸಾಗುತ್ತದೆ. ಕಣ್ಣಿಗೆ ಒಂದು ಮಿ.ಮೀ. ಏನೂ ಅಲ್ಲ, ರಸ್ತೆಯಲ್ಲಿ ಅದು ಬಹಳ.

ಹಿಂದೆ ಗಡಸಾದರೆ ಕಾರು ರಸ್ತೆ ಚೆನ್ನಾಗಿ ಹಿಡಿಯುತ್ತದೆ ಎಂದು ನಂಬಿದವರು ಬಹಳ ಜನ. ಹಿಂದಿನ ಚಕ್ರದಿಂದ ಓಡುವ ಕಾರಿಗೆ ನಮ್ಮ ಘಟ್ಟಗಳಲ್ಲಿ ಇದು ತಿರುಗುಬಾಣ. ತಿರುವಿನಲ್ಲಿ ಕಾರು ವಾಲುತ್ತದಲ್ವಾ, ಆಗ ಯಾವ ತುದಿ ಹೆಚ್ಚು ಗಡಸೋ ಆ ತುದಿಯ ಹೊರಗಿನ ಟೈರಿಗೆ ಹೆಚ್ಚು ಭಾರ ಬೀಳುತ್ತದೆ. ಒಳಗಿನ ಟೈರ್ ಹಗುರಾಗುತ್ತದೆ. ಎರಡೂ ಸೇರಿ ಕೊಡುವ ಹಿಡಿತ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತುವಾಗ ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರುವುದು ಇದರಿಂದಲೇ.

ಹಾಗಂತ ಹಿಂದೆ ತೀರಾ ಮೆತ್ತಗೂ ಇರಬಾರದು. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರ್ ಇದನ್ನು ಚೆನ್ನಾಗಿ ತೋರಿಸಿದರು. ಉಬ್ಬನ್ನು ಮುಂದಿನ ಚಕ್ರ ಮೊದಲು ಹತ್ತುತ್ತದೆ, ಹಿಂದಿನದು ತಡವಾಗಿ. ಎಂಜಿಬಿಯ ಎರಡು ಆಕ್ಸಲ್ ನಡುವೆ 91 ಇಂಚು. 60 ಕಿ.ಮೀ. ವೇಗದಲ್ಲಿ ಆ ತಡ ಸುಮಾರು 0.14 ಸೆಕೆಂಡು. ಹಿಂದಿನ ತೂಗಾಟ ಮುಂದಿನದಕ್ಕಿಂತ ಸ್ವಲ್ಪ ಚುರುಕಾಗಿದ್ದರೆ ಅದು ಮುಂದಿನದನ್ನು ಬೇಗ ಹಿಡಿಯುತ್ತದೆ, ಕಾರು ಮೂಗು ಅಲ್ಲಾಡಿಸದೆ ಸಮವಾಗಿ ಏರಿ ಇಳಿಯುತ್ತದೆ. ಚುರುಕು ಎಷ್ಟು ಎಂಬುದಕ್ಕೆ ಒಂದು ಸುಲಭ ಲೆಕ್ಕವಿದೆ. ಕಾರಿನ ಭಾರಕ್ಕೆ ಸ್ಪ್ರಿಂಗ್ 100 ಮಿ.ಮೀ. ಕುಗ್ಗಿದರೆ ಸೆಕೆಂಡಿಗೆ ಸುಮಾರು 1.6 ತೂಗು. 60 ಮಿ.ಮೀ. ಮಾತ್ರ ಕುಗ್ಗಿದರೆ 2 ತೂಗು. ನಮ್ಮ ಕಡೆಯ ರಸ್ತೆಗೆ 2 ಜಾಸ್ತಿಯೇ ಆಯಿತು, ಬೆನ್ನಿಗೂ ಕಷ್ಟ, ಟೈರಿಗೂ ಕಷ್ಟ.

ಎತ್ತರ, ಪಟ್ಟಿ ಎರಡೂ ಸರಿಯಾದ ಮೇಲೆ ಶಾಕ್ ನೋಡಿ. ಲಿವರ್ ಶಾಕ್‌ನ ಲಿಂಕ್ ಬಿಚ್ಚಿ ತೋಳನ್ನು ಕೈಯಿಂದ ಪೂರ್ತಿ ಮೇಲೆ ಕೆಳಗೆ ಆಡಿಸಿ. ಎರಡೂ ದಿಕ್ಕಿನಲ್ಲಿ ಮೊದಲಿನಿಂದ ಕೊನೆಯವರೆಗೆ ಬಿಗುವು ಇರಬೇಕು. ನಡುವೆ ಎಲ್ಲೋ ಸಡಿಲು ಸಿಕ್ಕರೆ ಒಳಗೆ ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದೆ. ಮೇಲಿನ ಪ್ಲಗ್ ತೆಗೆಯುವ ಮೊದಲು ಸುತ್ತಲಿನ ಮಣ್ಣು ಚೆನ್ನಾಗಿ ಒರೆಸಿ. ಬೈಕಿನ 20 ನಂಬರಿನ (20W) ಫೋರ್ಕ್ ಆಯಿಲ್ ತುಂಬಿಸಿ, ತೋಳು ಆಡಿಸುತ್ತಾ ಗಾಳಿ ಹೊರಗೆ ಬಿಡಿ. ಬ್ರೇಕ್ ಆಯಿಲ್ ಮಾತ್ರ ಹಾಕಲೇಬೇಡಿ. ತೋಳಿನ ಬುಡದಲ್ಲಿ ಎಣ್ಣೆ ಸೋರುತ್ತಿದ್ದರೆ ತುಂಬಿಸಿ ಪ್ರಯೋಜನವಿಲ್ಲ, ರಿಪೇರಿ ಮಾಡಿಸಿದ್ದನ್ನೇ ಹಾಕಬೇಕು. ಲಿಂಕಿನ ರಬ್ಬರ್ ಸವೆದಿದ್ದರೆ ಒಳ್ಳೆಯ ಶಾಕ್ ಕೂಡ ಕೆಟ್ಟದ್ದರ ಹಾಗೇ ನಡೆದುಕೊಳ್ಳುತ್ತದೆ.

ಹೊಸ ಮಾದರಿಯ ಕೊಳವೆ ಶಾಕ್ ಹಾಕಿಸಿ, ಬಿಗುವಿನ ತಿರುಪನ್ನು ಕೊನೆಯವರೆಗೆ ತಿರುಗಿಸುವವರೂ ಇದ್ದಾರೆ. ಇದರಲ್ಲಿ ಕಾಣದ ಒಂದು ಅಪಾಯವಿದೆ. ಶಾಕ್ ಕುಗ್ಗುವಾಗಿನ ಬಿಗುವಿಗಿಂತ ಹಿಗ್ಗುವಾಗಿನ ಬಿಗುವು ಸಾಮಾನ್ಯವಾಗಿ ಹೆಚ್ಚು. ಅದು ಮಿತಿ ಮೀರಿದರೆ ಒಂದು ಹೊಂಡಕ್ಕೆ ಕುಗ್ಗಿದ ಚಕ್ರ ಕೆಳಗೆ ಬರುವಷ್ಟರಲ್ಲಿ ಇನ್ನೊಂದು ಹೊಂಡ ಬಂದಿರುತ್ತದೆ. ಪ್ರತಿ ಹೊಂಡಕ್ಕೂ ಕಾರು ಇನ್ನಷ್ಟು ಕೆಳಗಿಳಿದು ಕೊನೆಗೆ ಆಕ್ಸಲ್ ಬಾಡಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿನ ಮೇಲೇ ಓಡುತ್ತದೆ. ಅರಬೈಲ್ ಘಟ್ಟದಲ್ಲಿ ಮಳೆ ಮುಗಿದ ಮೇಲೆ ಉಳಿಯುವ ಸಾಲು ಹೊಂಡಗಳಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ತಿರುಪನ್ನು ಅತಿ ಮೆತ್ತಗಿನಿಂದ ಶುರು ಮಾಡಿ. ಉಬ್ಬು ದಾಟಿದ ಮೇಲೆ ಹಿಂಭಾಗ ಒಮ್ಮೆ ಏರಿ ಇಳಿದು ನಿಲ್ಲುವಷ್ಟು ಬಿಗಿ ಮಾಡಿ, ಅಲ್ಲಿಗೇ ಬಿಡಿ.

ಬೋಲ್ಟ್ ಬಿಗಿಯುವ ಕ್ರಮವೂ ಮುಖ್ಯ. ಪಟ್ಟಿಯ ಮುಂದಿನ ಕಣ್ಣಿನ (ಬೋಲ್ಟ್ ಹೋಗುವ ತೂತಿನ) ಬುಷ್ ರಬ್ಬರಿನದು. ಕಾರು ಜಾಕ್ ಮೇಲೆ ಇರುವಾಗಲೇ ಅದರ ಬೋಲ್ಟ್ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಎತ್ತರ ಸುಳ್ಳು ಹೇಳುತ್ತದೆ, ಬುಷ್ ಬೇಗ ಹರಿಯುತ್ತದೆ. ಚಕ್ರ ನೆಲಕ್ಕೆ ತಾಗಿ, ಪೂರ್ತಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ಪಟ್ಟಿಯನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್‌ಗಳನ್ನು ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಬಿಗಿಯಬೇಕು, ಹೊಸ ರಬ್ಬರ್ ಪ್ಯಾಡ್ ಕೂತು ಸಡಿಲವಾಗಿರುತ್ತವೆ.

ಇಷ್ಟೆಲ್ಲ ಆದ ಮೇಲೆ ಹೆಡ್‌ಲೈಟ್ ನೋಡಲು ಮರೆಯಬೇಡಿ. ಹಿಂಭಾಗ ಎತ್ತರವಾದರೆ ಬೆಳಕು ನೆಲಕ್ಕೆ ಬೀಳುತ್ತದೆ. ಗೋಡೆಯ ಮುಂದೆ ನಿಲ್ಲಿಸಿ ಸರಿ ಮಾಡಿಕೊಂಡೇ ರಾತ್ರಿ ಶಿರಸಿ ಕಡೆ ಹೊರಡಿ.