ಬಾಣಂತಿ ಕೋಣೆಯ ನಗೆ ಕಾದಂಬರಿಗೆ ಬರಲಿಲ್ಲವೇಕೆ?

ಹಾಸನ, ಚಿಕ್ಕಮಗಳೂರು ಕಡೆಯ ಬಾಣಂತಿ ಮನೆಯಲ್ಲಿ ನಗೆಗೆ ಬರವಿಲ್ಲ. ಚೊಚ್ಚಲ ಹೆರಿಗೆಯಾದವಳು ತವರಲ್ಲಿ ಮೂರು ತಿಂಗಳು ಮಲಗಬೇಕು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಹಂಡೆ ತುಂಬ ಸುಡುನೀರು, ಊಟಕ್ಕೆ ಮೆಣಸು-ಬೆಳ್ಳುಳ್ಳಿ ಸಾರು, ಮೇಲೆ ಸಬ್ಬಸಿಗೆ ಸೊಪ್ಪು, ಸಂಜೆಗೆ ಕೆಂಡದ ಮೇಲೆ ಸಾಂಬ್ರಾಣಿ. ತಣ್ಣೀರು ಕುಡಿದರೆ ಮಗುವಿಗೆ ಶೀತ, ಬದನೆಕಾಯಿ ತಿಂದರೆ ನಂಜು. ಅಜ್ಜಿ ಹೇಳಿದ್ದನ್ನು ಅತ್ತೆ ಒಪ್ಪುವುದಿಲ್ಲ, ಇಬ್ಬರೂ ಹೇಳಿದ್ದನ್ನು ನರ್ಸಮ್ಮ ಒಪ್ಪುವುದಿಲ್ಲ. ಮೂವರಿಗೂ ‘ಹೂಂ’ ಎನ್ನುವುದು ಬಾಣಂತಿಯ ಕೆಲಸ. ಸಕಲೇಶಪುರ, ಮೂಡಿಗೆರೆಯ ತೋಟದ ಮನೆಯಾದರೆ ಇನ್ನೊಂದು ತೊಡಕು: ಮಗು ಡಿಸೆಂಬರಿನಲ್ಲಿ ಹುಟ್ಟಿದರೆ ಕಾಫಿ ಕುಯ್ಲು ಶುರುವಾಗಿರುತ್ತದೆ, ಬಾಣಂತನಕ್ಕೆಂದು ಬಂದವರೂ ಕಣದಲ್ಲಿ ಹಣ್ಣು ಹರವುತ್ತಿರುತ್ತಾರೆ.

ಇಷ್ಟು ಸರಕಿದ್ದೂ ಕನ್ನಡದಲ್ಲಿ ತಾಯ್ತನವನ್ನು ಮೊದಲಿಂದ ಕೊನೆತನಕ ನಗೆಯ ಕಣ್ಣಲ್ಲೇ ನೋಡಿದ ಕಾದಂಬರಿ ಹುಡುಕಿದರೆ ಕೈಗೆ ಸಿಗುವುದು ಕಷ್ಟ. ಹೆಂಗಸರು ನಗೆ ಬರೆಯಲಿಲ್ಲ ಎಂದಲ್ಲ, ಚೆನ್ನಾಗಿಯೇ ಬರೆದರು. ಬರೆದದ್ದು ಬಿಡಿಬಿಡಿಯಾಗಿ ಉಳಿಯಿತು.

1942ರಲ್ಲಿ ಡಾಕ್ಟರ್ ಎಂ. ಶಿವರಾಂ, ಅಂದರೆ ರಾಶಿ, ‘ಕೊರವಂಜಿ’ ಹಾಸ್ಯ ಮಾಸಿಕ ಶುರುಮಾಡಿದರು. ಅದರಲ್ಲಿ ಟಿ. ಸುನಂದಮ್ಮ ಅಡುಗೆಮನೆ, ಗಂಡ, ಮಕ್ಕಳು, ನೆಂಟರನ್ನು ಹಿಡಿದು ಬರೆದ ಲಘುಬರಹಗಳಿಂದಲೇ ಕನ್ನಡದಲ್ಲಿ ಹೆಣ್ಣಿನ ನಗೆಬರಹಕ್ಕೆ ಒಂದು ದಾರಿಯಾಯಿತು. ಪತ್ರಿಕೆಯ ಬರಹಕ್ಕೆ ಅಳತೆಯಿತ್ತು. ಎರಡು ಮೂರು ಪುಟದೊಳಗೆ ಒಂದು ಫಜೀತಿ ಹುಟ್ಟಬೇಕು, ಬೆಳೆಯಬೇಕು, ಒಡೆಯಬೇಕು. ಮನೆಗೆಲಸದ ನಡುವೆ ಬರೆಯುವವರಿಗೂ ಈ ಅಳತೆ ಒಗ್ಗಿತು: ಮಗು ಮಲಗಿ ಏಳುವುದರೊಳಗೆ ಒಂದು ಹರಟೆಯನ್ನು ಮುಗಿಸಬಹುದು, ಮುನ್ನೂರು ಪುಟದ ಕಾದಂಬರಿಯನ್ನಲ್ಲ. 1967ರಲ್ಲಿ ‘ಕೊರವಂಜಿ’ ನಿಂತಿತು, 1983ರಲ್ಲಿ ‘ಅಪರಂಜಿ’ ಅದರ ಜಾಡು ಹಿಡಿಯಿತು. ಅಳತೆ ಮಾತ್ರ ಬದಲಾಗಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯನ್ನು ಹೆಸರಲ್ಲೇ ಇಟ್ಟುಕೊಂಡ ನುಗ್ಗೇಹಳ್ಳಿ ಪಂಕಜ ಅವರು ಕಾದಂಬರಿಯನ್ನೂ ನಗೆಬರಹವನ್ನೂ ಬರೆದವರು. ಆದರೂ ಓದುಗರ ಮನಸ್ಸಿನಲ್ಲಿ ಇವೆರಡು ಬೇರೆ ಬೇರೆ ಕಪಾಟಿನ ಪುಸ್ತಕಗಳಾಗಿಯೇ ಉಳಿದವು.

ಕಾದಂಬರಿಯ ಕಪಾಟಿನಲ್ಲಿ ತಾಯಿ ಅಳುತ್ತಿದ್ದಳು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬೀಳುತ್ತಾಳೆ. ನಮ್ಮ ಕಡೆ ಬಾಣಂತಿ ಸನ್ನಿ ಎಂದು ಪಿಸುಗುಟ್ಟಿ ಮುಚ್ಚಿಡುತ್ತಿದ್ದ ವಿಷಯವದು. ತ್ರಿವೇಣಿಯವರೇ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಆ ಕಾಲಕ್ಕೆ ಹೆರಿಗೆಯೆಂದರೆ ಜೀವದ ಪ್ರಶ್ನೆ. ಬರೆಯುವವರ ಕೈ ನಗೆಗಿಂತ ಮೊದಲು ಅಳುವಿನ ಕಡೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಧಾರಾವಾಹಿಯ ಲೆಕ್ಕವೂ ಸೇರಿಕೊಂಡಿತು. ವಾರದ ಕಂತು ಮುಗಿಯುವಾಗ ಓದುಗರನ್ನು ಮುಂದಿನ ವಾರಕ್ಕೆ ಎಳೆಯಬೇಕಲ್ಲ, ಕಾಯಿಲೆ, ಅಗಲಿಕೆ, ಕಾಗದ, ಟೆಲಿಗ್ರಾಂ ಇದ್ದರೆ ಆ ಕೆಲಸ ಸಲೀಸು. ನಗೆಯ ಪ್ರಸಂಗ ಕಂತಿನೊಳಗೇ ಸಿಡಿದು ಮುಗಿದುಹೋಗುತ್ತದೆ, ಎಳೆಯುವುದಕ್ಕೆ ಬಾಲ ಉಳಿಯುವುದಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರದ ನಂಟಿದ್ದ ಎಂ. ಕೆ. ಇಂದಿರಾ ಅವರು ಸಂಸಾರ ಸಾಗಿಸಿ, ವಯಸ್ಸು ನಲವತ್ತೈದರ ಹೊತ್ತಿಗೆ ಕಾದಂಬರಿಗೆ ಕೈಹಾಕಿದವರು. ‘ಫಣಿಯಮ್ಮ’ದಲ್ಲಿ (1976) ಅವರು ಕಟ್ಟಿದ್ದು ಊರವರ ಹೆರಿಗೆಗೆ ನೆರವಾಗುವ ಬಾಲವಿಧವೆಯನ್ನು. ಮಲೆನಾಡಿನ ಹೆಂಗಸರ ಮಾತಿನ ಚುರುಕು ಇಂದಿರಾ ಅವರ ಕಿವಿಯಲ್ಲಿತ್ತು, ಪುಟಪುಟದಲ್ಲೂ ಕೇಳುತ್ತದೆ. ನಗೆ ಅಲ್ಲಿ ಒಗ್ಗರಣೆಯಷ್ಟೇ.

ಹಾಸನ ಸೀಮೆಯ ಅತಿ ನಗೆ ಬರಿಸುವ ತಾಯಿ ಯಾರು ಎಂದರೆ ನನ್ನ ಉತ್ತರ ಗಂಗಮ್ಮ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದ (1970) ಈ ತಾಯಿಯೂ, ಇಬ್ಬರು ಗಂಡುಮಕ್ಕಳಾದ ಚೆನ್ನಿಗರಾಯ, ಅಪ್ಪಣ್ಣಯ್ಯನೂ ಪರಸ್ಪರ ಬೈದುಕೊಳ್ಳುವ ಬೈಗುಳಕ್ಕೆ ನಗದಿರುವುದು ಕಷ್ಟ. ಆದರೆ ಆ ನಗೆ ಗಂಗಮ್ಮನ ಮೇಲೆ ಬಿದ್ದದ್ದು, ಅವಳದೇ ಅಲ್ಲ. ಶಾನುಭೋಗಿಕೆಯ ಲೆಕ್ಕ ಬರೆದು, ಎಲೆ ಹಚ್ಚಿ ಮನೆ ನಡೆಸುವ ಸೊಸೆ ನಂಜಮ್ಮನಿಗೆ ನಗುವುದಕ್ಕೆ ಪುರುಸೊತ್ತನ್ನೇ ಕೊಡುವುದಿಲ್ಲ ಆ ಕಾದಂಬರಿ. ಪ್ಲೇಗು ಅವಳ ಮಕ್ಕಳನ್ನೂ ಕಿತ್ತುಕೊಳ್ಳುತ್ತದೆ. ತಾಯಿಯನ್ನು ನೋಡಿ ನಗುವ ಬರಹ ಬೇರೆ, ತಾಯಿಯೇ ನಗುತ್ತ ಹೇಳುವ ಬರಹ ಬೇರೆ. ನಮ್ಮಲ್ಲಿ ಮೊದಲನೆಯದಕ್ಕೆ ಕೊರತೆಯಿಲ್ಲ.

ನಗೆಯ ಕಾದಂಬರಿಯೇ ಈ ಮಣ್ಣಿಗೆ ಒಗ್ಗದು ಎನ್ನುವ ಹಾಗೂ ಇಲ್ಲ. ಹೇಮಾವತಿ ದಂಡೆಯ ಗೊರೂರರ ಹಳ್ಳಿ ಬರಹಗಳಿವೆ. ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಬರೆದ ‘ಕರ್ವಾಲೊ’ (1980) ಇದೆ. ಮಂದಣ್ಣ, ಕರಿಯಪ್ಪ, ಕಿವಿ ಎಂಬ ನಾಯಿ, ಎಲ್ಲರೂ ಹಾರುವ ಓತಿಯ ಹಿಂದೆ ಕಾಡಿಗೆ ಹೊರಟೇಬಿಡುತ್ತಾರೆ. ಹಾಗೆ ಹೊರಟುಬಿಡುವ ಸ್ವಾತಂತ್ರ್ಯವೇ ಆ ಕತೆಯ ಎಂಜಿನ್. ಆರು ತಿಂಗಳ ಕೂಸನ್ನು ಸೊಂಟದ ಮೇಲಿಟ್ಟುಕೊಂಡವಳಿಗೆ ಆ ಎಂಜಿನ್ ಸಿಗುವುದಿಲ್ಲ, ಕತೆ ಓಡಿಸಲು ಅವಳಿಗೆ ಬೇರೆಯದೇ ಬೇಕು.

ಇಂಗ್ಲಿಷಿನವರು ಈ ಗಂಟನ್ನು ಬಿಡಿಸಿದ ರೀತಿ ಗಮನಿಸಬೇಕಾದ್ದು. ಇಂಗ್ಲೆಂಡಿನ ಲೇಖಕಿ ಇ. ಎಂ. ಡೆಲಫೀಲ್ಡ್ 1930ರಲ್ಲಿ ಪುಸ್ತಕವಾಗಿ ತಂದದ್ದು ಒಬ್ಬ ಗೃಹಿಣಿಯ ಡೈರಿ. ಅದು ಮೊದಲು ‘ಟೈಮ್ ಅಂಡ್ ಟೈಡ್’ ಎಂಬ ವಾರಪತ್ರಿಕೆಯಲ್ಲಿ ಬಂದಿತ್ತು. ಮಾತೇ ಆಡದೆ ಪೇಪರಿನ ಹಿಂದೆ ನಿದ್ದೆ ಹೋಗುವ ಗಂಡ, ಇಬ್ಬರು ಮಕ್ಕಳು, ಬ್ಯಾಂಕಿನಲ್ಲಿ ಸದಾ ತಳಹತ್ತಿದ ಖಾತೆ. ದಿನಕ್ಕೊಂದು ಚಿಕ್ಕ ನಮೂದು, ಅಂದರೆ ನಮ್ಮ ಹರಟೆಯೇ. ಆದರೆ ಹೇಳುವವಳು ಒಬ್ಬಳೇ, ಸಾಲದ ಚಿಂತೆ ಒಂದೇ, ಹೀಗಾಗಿ ಬಿಡಿ ಮಣಿಗಳಿಗೆ ದಾರ ಸಿಕ್ಕಿತು. ಭಯದ ಕತೆಗಳಿಗೆ ಹೆಸರಾದ ಶರ್ಲಿ ಜಾಕ್ಸನ್ ನಾಲ್ಕು ಮಕ್ಕಳ ತಾಯಿ. ಪತ್ರಿಕೆಗಳಿಗೆ ಬರೆದ ಮನೆಯ ಕತೆಗಳನ್ನೇ ಹೊಲಿದು 1953ರಲ್ಲಿ ಒಂದು ಪುಸ್ತಕ ಮಾಡಿದರು. ಅಮೆರಿಕದ ಎರ್ಮಾ ಬಾಂಬೆಕ್ ಅವರ ಅಂಕಣ ಸುಮಾರು 900 ಪತ್ರಿಕೆಗಳಲ್ಲಿ ಬಂತು, ಅವರು ಮಾತ್ರ ಅಂಕಣಗಾರ್ತಿಯಾಗಿಯೇ ಉಳಿದರು. ಬ್ರಿಟನ್ನಿನ ಪತ್ರಕರ್ತೆ ಆಲಿಸನ್ ಪಿಯರ್ಸನ್ 2002ರಲ್ಲಿ ತಂದ ಕಾದಂಬರಿಯ ಬೇರೂ ಪತ್ರಿಕೆಯ ಅಂಕಣದಲ್ಲೇ ಇತ್ತು. ಅದರ ಮೊದಲ ದೃಶ್ಯದಲ್ಲೇ ಕೆಲಸಕ್ಕೆ ಹೋಗುವ ತಾಯಿ ಮಧ್ಯರಾತ್ರಿ ಕಳೆದ ಮೇಲೆ ಅಂಗಡಿಯ ತಿನಿಸನ್ನು ತಟ್ಟಿ ಮೊಟಕಿ ಮನೆಯಲ್ಲೇ ಮಾಡಿದ್ದೆಂದು ಕಾಣುವಂತೆ ಕೆಡಿಸುತ್ತಾಳೆ, ಮಗಳ ಶಾಲೆಯ ಕಾರ್ಯಕ್ರಮಕ್ಕೆ. ಒಂದೇ ಕೆಲಸದಲ್ಲಿ ಅವಳ ಅಪರಾಧಭಾವ, ನಿದ್ದೆಗೇಡು, ಉಳಿದ ತಾಯಂದಿರ ಭಯ, ಎಲ್ಲ ಬಂದವು.

ಈ ಬಗೆಯ ಬರಹ ಕೆಡುವ ಜಾಗಗಳೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಒಂದು, ಮಗುವಿನ ಬಾಯಲ್ಲಿ ದೊಡ್ಡವರ ಚಮತ್ಕಾರ ಇಡುವುದು. ಮೂರು ವರ್ಷದ ಕೂಸಿನ ನಗೆ ಇರುವುದು ಒಂದೇ ಪ್ರಶ್ನೆಯನ್ನು ಹದಿನೈದು ಸಲ ಕೇಳುವುದರಲ್ಲಿ, ಅದರ ಜಾಣತನದಲ್ಲಲ್ಲ. ಅತ್ತೆಯನ್ನು ರಾಕ್ಷಸಿ ಮಾಡಿದರೂ ಕತೆ ಕೆಟ್ಟಿತು. ಅತ್ತೆಯೂ ಒಬ್ಬಳು ತಾಯಿ, ಅವಳ ವಾದದಲ್ಲೂ ಅರ್ಧ ಸರಿಯಿದ್ದಾಗಲೇ ಜಗಳಕ್ಕೆ ರುಚಿ. ಇನ್ನು, ಕೊನೆಯ ಅಧ್ಯಾಯದಲ್ಲಿ ಹೆದರಿ ‘ಏನೇ ಆದರೂ ತಾಯಿಯೇ ದೇವರು’ ಎಂದು ಕೈಮುಗಿಯುವುದು ಅತಿ ದೊಡ್ಡ ಕೇಡು. ಇನ್ನೂರು ಪುಟ ನಕ್ಕಿದ್ದಕ್ಕೆ ಕ್ಷಮೆ ಕೇಳಿದ ಹಾಗೆ.

ಹಾಸನದಲ್ಲಿ ಇದಕ್ಕೆ ಬಗ್ಗದವರು ಬಾನು ಮುಷ್ತಾಕ್. 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಬಂದಾಗ ಸುದ್ದಿಯೆಲ್ಲ ನೋವು, ಬಂಡಾಯದ ಮೇಲೆಯೇ ಹೋಯಿತು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನದ ಆ ಹನ್ನೆರಡು ಕತೆಗಳಲ್ಲಿ ನಗೆ ಎಷ್ಟಿದೆ ಎಂದು ಯಾರೂ ಅಷ್ಟಾಗಿ ಹೇಳಲಿಲ್ಲ. ‘ಕೆಂಪು ಲುಂಗಿ’ ಶುರುವಾಗುವುದೇ ಬೇಸಿಗೆ ರಜೆಯಲ್ಲಿ ಮನೆ ತುಂಬಿದ ಮಕ್ಕಳ ಗಲಾಟೆಗೆ ತಲೆನೋವು ಹಿಡಿದ ರಜಿಯಾಳಿಂದ. ಹುಡುಗರನ್ನು ಮಲಗಿಸಿ ಸುಮ್ಮನಿರಿಸಲು ಅವಳು ಕಂಡುಕೊಳ್ಳುವ ಉಪಾಯ ಸಾಮೂಹಿಕ ಸುನ್ನತಿ. ನಗು ಬರುತ್ತದೆ, ಬಂದ ಮೇಲೆ ಸಾಹುಕಾರರ ಮಕ್ಕಳಿಗೂ ಬಡವರ ಮಕ್ಕಳಿಗೂ ಆಗುವ ಉಪಚಾರದ ವ್ಯತ್ಯಾಸ ಚುಚ್ಚುತ್ತದೆ. ಹೆಣ್ಣುಮಕ್ಕಳಿಗೆಂದು ಗೊತ್ತುಮಾಡಿದ ಅರೇಬಿಕ್ ಮೇಷ್ಟ್ರು ಗೋಬಿ ಮಂಚೂರಿಯ ಹುಚ್ಚಿಗೆ ಬಿದ್ದಿರುವ ಇನ್ನೊಂದು ಕತೆ ಇದೆ. ಅದನ್ನು ಹೇಳುವವಳು ವಕೀಲೆ, ತಾಯಿ. ಕೋರ್ಟು, ಮನೆ, ಮಕ್ಕಳ ಪಾಠದ ನಡುವೆ ಓಡುತ್ತಲೇ ಮಾತಾಡುತ್ತಾಳೆ.

ಆ ವಕೀಲೆಯಂಥವಳೊಬ್ಬಳು ಕಾದಂಬರಿಗೆ ಸಾಕು. ಸೀಮಂತದಿಂದ ಮಗುವನ್ನು ಅಂಗನವಾಡಿಗೆ ಬಿಡುವವರೆಗಿನ ಮೂರು ಚಿಲ್ಲರೆ ವರ್ಷ ಅದರ ಚೌಕಟ್ಟು. ವಾರಕ್ಕೊಂದು ಹರಟೆ, ಪ್ರತಿ ಹರಟೆಗೂ ಅದರದೇ ಫಜೀತಿ. ಆದರೆ ತವರಿಂದ ಗಂಡನ ಮನೆಗೆ ವಾಪಸಾಗುವ ದಿನ, ಕೆಲಸಕ್ಕೆ ಮರಳುವ ದಿನ, ಮಗು ನೋಡಿಕೊಳ್ಳುವವಳು ಹೇಳದೆ ಕೇಳದೆ ಬಿಟ್ಟುಹೋಗುವ ದಿನ, ಈ ಮೂರು ತಿರುವು ಮೊದಲೇ ಗೊತ್ತಿರಬೇಕು, ನಡುವಿನ ಹರಟೆಗಳೆಲ್ಲ ಅವುಗಳ ಕಡೆಗೇ ಜಾರಬೇಕು. ಇದಕ್ಕೆ ಒಪ್ಪುವ ಸಂಪಾದಕರೂ ಬೇಕು. ನಡುವೆ ಎಲ್ಲೋ, ‘ಈ ವಾರ ಸ್ವಲ್ಪ ಅಳು ಇರಲಿ’ ಎಂದು ಅವರ ಫೋನು ಬರದಿದ್ದರೆ ಆಯಿತು.